ಗುಮ್ಮಟದ ಮೇಲಿನಿಂದ ಒಂದು ಫೋನು

ಭಾನುವಾರ ಬೆಳಿಗ್ಗೆ ಎಂಟು ಗಂಟೆ, ವಿಜಯಪುರದ ಬಸ್ ನಿಲ್ದಾಣ. ಹಾಜರಿದ್ದವರು ಹೊನವಾಡ ಹಳ್ಳಿಯಿಂದ ಬಂದ ಶಾಲಾ ಮಾಸ್ತರನಾದ ನಾನು, ನಗರದಲ್ಲೇ ಹುಟ್ಟಿ ಬೆಳೆದ ನನ್ನ ಗೆಳೆಯರೊಬ್ಬರು. ಸಂತೆಗೆ, ದವಾಖಾನೆಗೆ ಎಷ್ಟೋ ಸಲ ಬಂದಿದ್ದರೂ ಊರು ನೋಡಲೆಂದು ನಾನು ಬಂದದ್ದು ಅದೇ ಮೊದಲು.

ರಿಕ್ಷಾದಲ್ಲಿ, ಚಹಾದಂಗಡಿಯಲ್ಲಿ ಎದೆ ತಟ್ಟಿಕೊಂಡು ಅವರದು ಒಂದೇ ಮಾತು: "ನಮ್ಮೂರಾಗ ನನಗ ಗೊತ್ತಿಲ್ಲದ್ದು ಏನೈತ್ರಿ ಮಾಸ್ತರ?"

ಗೋಳಗುಮ್ಮಟದ ಮೇಲೇರಿದ ಕೂಡಲೇ ಗೋಡೆಗೆ ಅಂಟಿ ನಿಂತರು. "ನೀವು ಸುತ್ತ ಹಾಕಿ ಬರ್ರಿ. ನನಗ ನೋಡಿ ನೋಡಿ ಸಾಕಾಗೇತಿ."

ಅಲ್ಲಿ ಪಿಸುಗುಟ್ಟಿದ್ದು ಎದುರಿನ ಗೋಡೆಯಲ್ಲಿ ಕೇಳುತ್ತದೆಂಬುದನ್ನು ಅಂಜಿಕೆಯಲ್ಲಿ ಮರೆತಿದ್ದರು. ನಾನು ಎದುರು ಬದಿ ಮುಟ್ಟುವಷ್ಟರಲ್ಲಿ ಅವರು ಹೆಂಡತಿಗೆ ಫೋನಿನಲ್ಲಿ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿತು: "ಏ, ಮೊದಲ ಸಲ ಹತ್ತೇನಿ. ಕಾಲು ನಡಗಾಕತ್ತಾವ, ಹೆಂಗ ಇಳೀಲಿ? ಮಾಸ್ತರಿಗೆ ಗೊತ್ತಾದ್ರ ನನ್ನ ಮರ್ಯಾದಿ ಹೋಗ್ತೈತಿ!"

ನಾನು ಮರಳಿ ಬಂದು, "ನನ್ನ ಮೊಣಕಾಲು ಹಿಡಕೊಂಡಾವ್ರಿ, ಕೈ ಹಿಡಿದು ಇಳಿಸ್ರಿ" ಎಂದೆ. ಅವರ ಮುಖ ಅರಳಿತು. ನನ್ನ ಬೆರಳು ನೋಯುವಷ್ಟು ಬಿಗಿಹಿಡಿದು ಇಳಿದರು. ಕೆಳಗೆ ಬೆವರೊರೆಸಿಕೊಂಡು, "ಅಂಜಬ್ಯಾಡ್ರಿ, ಹೊಸಬರಿಗೆ ಹಂಗ ಆಗ್ತೈತಿ" ಎಂದರು.

ಸಂಜೆ ಅವರನ್ನು ಮನೆ ಮುಟ್ಟಿಸಿದೆ. "ನಿಮ್ಮ ಯಜಮಾನ್ರು ನನ್ನನ್ನ ಕೈ ಹಿಡಿದು ಜ್ವಾಕಿಯಿಂದ ಇಳಿಸಿದ್ರವ್ವ" ಎಂದಾಗ ಅವರ ಹೆಂಡತಿ ನಗು ತಡೆಯಲಾರದೆ ಬಾಯಿಗೆ ಸೆರಗು ಹಚ್ಚಿಕೊಂಡು ಒಳಗೆ ಓಡಿದರು. ನಾನು ಆರು ಗಂಟೆಯ ಬಸ್ಸು ಹತ್ತಿದೆ.