ತಂಗಿಯ ಕೂಸಿಗೆ ಹೊಲಿದ ಕರಡಿ

ಬಾಣಂತಿ ತಂಗಿಯನ್ನು ನೋಡಲು ಸುರಪುರದ ತವರಿಗೆ ಹೋದಾಗ ಒಂದು ಮಾತು ಕೊಟ್ಟು ಸಿಕ್ಕಿಬಿದ್ದೆ. ಯಾರೋ ಹೆಂಗಸು ಕೈಯಲ್ಲೇ ಟೆಡ್ಡಿ ಕರಡಿ ಹೊಲಿಯುವ ವೀಡಿಯೊ ನೋಡಿ ಆಗ ನನಗೆ ಹುಚ್ಚು ಹಿಡಿದಿತ್ತು. ಅದನ್ನು ತಂಗಿಗೂ ತೋರಿಸಿದೆ.

“ಅಕ್ಕಾ, ತೊಟ್ಟಿಲಿಗಿ ಹಾಕೋ ದಿನ ನನ್ನ ಕೂಸಿಗಿ ಇಂಥದ್ದೊಂದು ನೀನ ಮಾಡ್ಕೊಂಡು ಬರಬೇಕ ನೋಡು. ಬರೇ ಕೈಲೆ ಬಂದಿ ಅಂದ್ರ ಬಾಗಿಲಾಗ ನಿಂದರಸ್ತೀನಿ.”

“ಆತ್ ಬಿಡವಾ, ಅದೇನ ದೊಡ್ಡ ಕೆಲಸ,” ಎಂದೆ. ಅಲ್ಲಿಯವರೆಗೆ ನಾನು ಹೊಲಿದದ್ದೆಂದರೆ ಬ್ಲೌಸಿನ ಹುಕ್ಕು ಮಾತ್ರ.

ಯಾದಗಿರಿಗೆ ಹೋಗಿ ಕಂದು ಮಖಮಲ್ ತಂದೆ. ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕಾಗದದ ಅಳತೆ ಇಟ್ಟು ಕತ್ತರಿಸಿದೆ, ತಿರುವು ಮುರುವು ಹೊಲಿದೆ, ಅರಳೆ ತುಂಬಿದೆ. ಮೂತಿ ಉದ್ದವಾಯಿತು, ಕಿವಿ ಜೋತುಬಿದ್ದವು. ಪಕ್ಕದ ಮನೆಯಾಕೆ ಬಂದು ಕೈಯಲ್ಲಿ ಹಿಡಿದು ನೋಡಿ, “ಹೆಗ್ಗಣ ಭಾಳ ಚಂದ ಆಗೇದ್ರಿ,” ಎಂದಳು. ಹಳೆ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತ ಕೂತಿದ್ದ ನಮ್ಮ ಅತ್ತೆ ಸೂಜಿ ಕೆಳಗಿಟ್ಟು ಕಣ್ಣೀರು ಬರುವಷ್ಟು ನಕ್ಕರು.

ಎರಡನೆಯದಕ್ಕೆ ಮೂತಿಯನ್ನು ಗಿಡ್ಡ ಮಾಡಿದೆ. ಮೊದಲು ಮೂತಿಗೇ ಅರಳೆಯನ್ನು ಒತ್ತಿ ಒತ್ತಿ ತುಂಬಿದೆ. ಕೈಕಾಲುಗಳನ್ನು ಗುಂಡಿ ಇಟ್ಟು ಬಿಗಿದೆ. ಎತ್ತಿದರೆ ಎತ್ತಿದಲ್ಲೇ ನಿಂತವು! ಸಂತೋಷಕ್ಕೆ ಅದನ್ನು ಕೂಡಿಸಿ, ನಿಲ್ಲಿಸಿ, ನಮಸ್ಕಾರ ಮಾಡಿಸಿ ಆಡಿದೆ. ಬೆನ್ನಿನ ಹೊಲಿಗೆಯೊಂದು ಉಳಿದಿತ್ತು. ರೊಟ್ಟಿ ಬಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆಯೇ ಅದನ್ನು ಹೊಲಿದು ಮುಗಿಸಿದ್ದರು. ಎಷ್ಟು ಒಳ್ಳೆಯ ಮನಸ್ಸು ಎಂದುಕೊಂಡೆ.

ತೊಟ್ಟಿಲಿಗೆ ಹಾಕುವ ದಿನ ಅತ್ತೆ ಸೊಸೆ ಇಬ್ಬರೂ ಸುರಪುರದ ಬಸ್ಸು ಹತ್ತಿದೆವು. ಕರಡಿ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಕೈಗೆ ಚುರ್ರೆಂದಿತು. ನೋಡಿದರೆ ಕರಡಿಯ ಬೆನ್ನಿನಿಂದ ಕೆಂಪಿರುವೆಗಳು ಸಾಲಾಗಿ ಇಳಿಯುತ್ತಿವೆ.

“ಅತ್ತೀ, ಇದರೊಳಗ ಏನರೆ ಇಟ್ಟೀರೇನ್ರಿ?”

“ಒಂದು ತುತ್ತು ಹೋಳಿಗಿ,” ಎಂದರು ಅತ್ತೆ ನಿರಾಳವಾಗಿ. “ಖಾಲಿ ಹೊಟ್ಟೀಲೆ ಕೂಸಿನ ಕಡಿ ಕಳಸ್ತಾರೇನು?”

ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಒಂದು ತುತ್ತು ಹೋಳಿಗೆ ಇಟ್ಟು ಉಣಿಸುವುದು ನಮ್ಮ ಮನೆಯ ಪದ್ಧತಿ. ಕರಡಿಗೂ ಅದೇ ಮರ್ಯಾದೆ ಸಿಕ್ಕಿತ್ತು, ತುಪ್ಪ ಬೇರೆ ಸುರಿದು! ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇರುವೆ ಹೊಕ್ಕ ಗೊಂಬೆಯನ್ನು ಕೂಸಿನ ಹತ್ತಿರ ಒಯ್ಯುವುದು ಹೇಗೆ? ತಂಗಿಗೆ ಏನು ಹೇಳಲಿ?

ತವರು ಮುಟ್ಟಿದಾಗ ಕೂಸಿಗೆ ಎರೆಯುತ್ತಿದ್ದರು. ಶಾಸ್ತ್ರಕ್ಕೆ ಕರೆದ ಹೆಂಗಸರು ಇನ್ನೂ ಬಂದಿರಲಿಲ್ಲ. ಕರಡಿಯನ್ನು ಹಿತ್ತಲ ಬಿಸಿಲಿಗಿಟ್ಟು ಚೀಲ ಜಾಲಾಡಿದೆ. ಅಂಗೈಯಗಲದ ಮಖಮಲ್ ಚೂರು, ಸೂಜಿ, ದಾರ ಇದ್ದವು. ಹೆಬ್ಬೆರಳಿನಷ್ಟು ಕರಡಿಗೆ ಅಷ್ಟು ಸಾಕು ಅನಿಸಿತು.

ಕತ್ತರಿಸಿದ ಕೈಗಳು ಹುಣಸೆಬೀಜದಷ್ಟಿದ್ದವು. ಹೊಲಿದ ಮೇಲೆ ಒಳಮಗ್ಗುಲನ್ನು ಹೊರಗೆ ತಿರುಗಿಸಲು ಬೆರಳು ಹೋಗಲಿಲ್ಲ. ತಲೆಯ ಪಿನ್ನಿನಿಂದ ತಳ್ಳಿದೆ. ಅರಳೆಯನ್ನು ದೇವರ ಬತ್ತಿಯ ಡಬ್ಬಿಯಿಂದ ತೆಗೆದುಕೊಂಡೆ. ಕಣ್ಣಿಗೆ ಕರಿದಾರದ ಎರಡು ಗಂಟು ಹಾಕಿದೆ. ಅತ್ತೆ ಮಗ್ಗುಲಲ್ಲಿ ಕೂತು ಸೂಜಿಗೆ ದಾರ ಪೋಣಿಸಿಕೊಡುತ್ತ, “ನಾ ಏನೂ ಇಡಂಗಿಲ್ಲವಾ, ಲಗೂ ಹೊಲಿ,” ಎಂದರು. ಮೂತಿಯ ಕೊನೆಯ ಹೊಲಿಗೆ ಎಳೆದಾಗ ಅದು ನನ್ನನ್ನೇ ನೋಡಿ ನಕ್ಕಂತಾಯಿತು.

ಒಳಗೆ ಹೋದೊಡನೆ ತಂಗಿ ಅಂಗೈ ಚಾಚಿದಳು. ಕೊಟ್ಟೆ.

“ಇದನ್ನ ನೋಡಾಕ ದುರ್ಬೀನ ಬೇಕಲ್ಲ ಅಕ್ಕಾ!” ಎಂದಳು. ಹಿಡಿಸಲಿಲ್ಲ ಅಂದುಕೊಂಡೆ. ಆದರೆ ಅವಳು ಅದರ ಕಿವಿ ಮುಟ್ಟಿದಳು, ಪಾದ ತಿರುಗಿಸಿ ನೋಡಿದಳು, ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಯಾರ ಕೈಗೂ ಕೊಡದೆ, ಕೂಸಿಗೆ ನಿಲುಕದಷ್ಟು ಎತ್ತರದಲ್ಲಿ ತೊಟ್ಟಿಲಿನ ಹಗ್ಗಕ್ಕೆ ತಾನೇ ಬಿಗಿಯಾಗಿ ಕಟ್ಟಿದಳು.

ಹೆಂಗಸರು ಹಾಡುತ್ತ ತೊಟ್ಟಿಲು ತೂಗಿದರು. ಕರಡಿ ಅತ್ತಿತ್ತ ಓಲಾಡಿತು. ಕೂಸಿನ ಕಣ್ಣುಗಳೂ ಅದರ ಹಿಂದೆ ಅತ್ತಿತ್ತ ಹೊರಳಿದವು. “ಅಯ್ಯ, ನೋಡಾಕತ್ತಾಳ ನೋಡ್ರಿ!” ಎಂದು ಯಾರೋ ಕೂಗಿದ್ದೇ ತಡ, ಹಾಡು ಅರ್ಧಕ್ಕೆ ನಿಂತಿತು. ಎಲ್ಲರೂ ತೊಟ್ಟಿಲ ಮೇಲೆ ಬಾಗಿದರು. ಹಿಂದೆ ಉಳಿದ ನನಗೆ ಬರೀ ಸೆರಗುಗಳೇ ಕಂಡವು.

“ಸರೀರಿ, ಸರೀರಿ! ನಮ್ಮಕ್ಕಗ ಜಾಗ ಬಿಡ್ರಿ,” ಎಂದು ತಂಗಿ ಗುಂಪಿನ ಒಳಗಿನಿಂದಲೇ ನನ್ನ ಕೈ ಹಿಡಿದು ಎಳೆದಳು. “ಮಾಡಿದಾಕಿನ ಆಕಿ!”