ವೈನಿಯ ಒದ್ದೆ ಹೆಜ್ಜೆಗಳು

ಕಳೆದ ಯುಗಾದಿ ಹೊತ್ತಿಗೆ ಪತ್ರಿಕೆಯ ಇದೇ ಅಂಕಣದಲ್ಲಿ ನಮ್ಮ ವೈನಿಯ, ಅಂದರೆ ಮುನವಳ್ಳಿಯಲ್ಲಿರುವ ಅಣ್ಣನ ಹೆಂಡತಿಯ, ಕಾಲಿನ ಬಗ್ಗೆ ಬರೆದಿದ್ದೆ. ನೆನಪಿದೆಯೇ? ನಿಮ್ಮಲ್ಲಿ ಎಷ್ಟೋ ಜನ ಫೋನ್ ಮಾಡಿ ನಕ್ಕಿದ್ದಿರಿ.

ಓದದವರಿಗೆ ಹೇಳುತ್ತೇನೆ. ಅಣ್ಣ ಹೊಸ ಮನೆ ಕಟ್ಟಿಸಿ ನೆಲಕ್ಕೆ ಕಪ್ಪು ಕಡಪಾ ಕಲ್ಲು ಹಾಕಿಸಿದ. ಅದೇ ವರ್ಷ ವೈನಿಯ ಅಂಗಾಲು ಬೆವರಲು ಶುರುವಾಯಿತು. ಅಲ್ಲಿಯವರೆಗೆ ಆ ತೊಂದರೆಯೇ ಇರಲಿಲ್ಲ. ಈಗ ಚಪ್ಪಲಿ ಜಾರುತ್ತಿತ್ತು, ನಡೆದಲ್ಲೆಲ್ಲ ಐದು ಬೆರಳು ಮೂಡುತ್ತಿದ್ದವು. ನಾಚಿಕೊಂಡು ಒರೆಸಲು ಹೋದರೆ ನಮ್ಮ ಅವ್ವ ಬಿಡಲಿಲ್ಲ.

"ಒರಸಬ್ಯಾಡವಾ. ಹೊಸ ಮನಿಗೆ ಲಕ್ಷ್ಮಿ ಬಂದಾಳ."

ಶುಕ್ರವಾರ ಆ ಹೆಜ್ಜೆ ಆರುವ ಮೊದಲೇ ಅವ್ವ ಅದರ ಮೇಲೆ ಅರಿಶಿನ ಕುಂಕುಮ ಹಾಕುತ್ತಿದ್ದಳು. ಇಂಥದ್ದು ಸಿಕ್ಕರೆ ಅಂಕಣಕಾರ ಬಿಡುತ್ತಾನೆಯೇ? ಬರೆದೆ. ವೈನಿ ಅದಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರು.

ಅವರು ಸೊರಗುತ್ತಿದ್ದರು. ಡಯಟ್ ಜೋರಾಗಿದೆ ಎಂದು ನಾವು ಕಾಡಿಸಿದೆವು. ಚಹಾದ ಕಪ್ ಕೈಯಲ್ಲಿ ನಡುಗುತ್ತಿತ್ತು. ಎದೆ ಢವಢವ ಎನ್ನುತ್ತದೆ ಎಂದರೆ, ಮೆಟ್ಟಿಲು ಹತ್ತುವುದು ಕಡಿಮೆ ಮಾಡು ಎಂದ ಅಣ್ಣ.

ಹೋದ ತಿಂಗಳು ರೊಟ್ಟಿ ಬಡಿಯುತ್ತ ಕುಸಿದರು. ಬೈಲಹೊಂಗಲದ ದವಾಖಾನೆಗೆ ಒಯ್ದೆವು. ಡಾಕ್ಟರು ಪಾದ ಮುಟ್ಟಿ, ಈ ಬೆವರು ಯಾವಾಗಿನಿಂದ ಎಂದು ಕೇಳಿದರು. ಅಣ್ಣ ಹೇಳಿದ:

"ಎರಡು ವರ್ಷ ಆತ್ರಿ. ಪೇಪರಿನ್ಯಾಗೂ ಬಂದೈತ್ರಿ."

(ಬರೆದವನು ಪಕ್ಕದಲ್ಲೇ ನಿಂತಿದ್ದಾನೆ ಎಂದು ಡಾಕ್ಟರಿಗೇನು ಗೊತ್ತು?)

ಥೈರಾಯ್ಡ್ ಅತಿಯಾಗಿತ್ತು. ಎದೆಬಡಿತ ತಾಳ ತಪ್ಪಿತ್ತು. ಮೂರನೆಯ ದಿನ ವೈನಿ ತೀರಿಹೋದರು.

ಆಮೇಲೆ ಡಾಕ್ಟರು ಹೇಳಿದ್ದನ್ನು ಬರೆಯುತ್ತೇನೆ, ಈ ಸಲ ನಗದೆ ಓದಿ. ಚಿಕ್ಕಂದಿನಿಂದ ಬೆವರುವ ಕಾಲು ಹೆಚ್ಚಾಗಿ ಮನೆತನದಿಂದ ಬಂದದ್ದು, ಅಂಥ ಭಯವಿಲ್ಲ. ದೊಡ್ಡವರಾದ ಮೇಲೆ ಹೊಸದಾಗಿ ಶುರುವಾದರೆ ಥೈರಾಯ್ಡ್ ಇರಬಹುದು, ಶುಗರ್ ಇರಬಹುದು, ಮುಟ್ಟು ನಿಲ್ಲುವ ಕಾಲವಿರಬಹುದು, ನುಂಗುವ ಮಾತ್ರೆಯೇ ಕಾರಣವಿರಬಹುದು. ಜೊತೆಗೆ ಮೈ ಇಳಿದು ಎದೆ ಹೊಡೆದುಕೊಂಡರೆ ತಡ ಮಾಡಲೇಬಾರದು. ನಮ್ಮ ವೈನಿಯ ಕಾಯಿಲೆ ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತಿತ್ತಂತೆ.

ಈಗ ಆ ನೆಲ ಒಣಗಿದೆ. ಅವ್ವ ಬಗ್ಗಿ ಬಗ್ಗಿ ನೋಡುತ್ತಾಳೆ. ಫ್ರೇಮ್ ಇನ್ನೂ ಗೋಡೆಯ ಮೇಲಿದೆ, ಅಣ್ಣ ತೆಗೆಯಲು ಬಿಡುತ್ತಿಲ್ಲ. ಮೊನ್ನೆ ನಿಂತು ಮತ್ತೆ ಓದಿದೆ. ಅದರಲ್ಲಿ ಒಂಬತ್ತು ಪ್ರಶ್ನೆ ಕೇಳಿದ್ದೇನೆ, ಎಲ್ಲವೂ ನಿಮಗೆ.

ವೈನಿಗೆ ಒಂದಾದರೂ ಕೇಳಬಾರದಿತ್ತೇ?