ಬರೀ ಟೀ ಕುಡಿಯುವವರ ಊರಿನಲ್ಲಿ

ನಮ್ಮ ಅತ್ತೆಯ ಮೈಸೂರಿನ ಮನೆಯಲ್ಲಿ ಯಾರನ್ನಾದರೂ ಸಂಜೆ ಟೀಗೆ ಕರೆದಿದ್ದಾರೆ ಎಂದರೆ ಬೆಳಿಗ್ಗೆಯೇ ಕಡಲೆಹಿಟ್ಟು ಜರಡಿ ಹಿಡಿದಾಗಿರುತ್ತದೆ. ಉಪ್ಪಿಟ್ಟು, ಬಜ್ಜಿ, ಬಾಯಿ ಸಿಹಿಗೆ ಕೇಸರಿಬಾತು. ಟೀ ಬರುವುದು ಕಟ್ಟಕಡೆಗೆ. ತಿನ್ನಲು ಏನೂ ಇಲ್ಲದೆ ಲೋಟವೊಂದೇ ಬಂದರೆ ಅದು 'ಬರೀ ಟೀ'. ಬೇಗ ಎದ್ದು ಹೋಗಲಿ ಅನ್ನಿಸುವವರಿಗೆ ಕೊಡುವ ಟೀ.

ಟೋಕಿಯೊದ ನಿಶಿ ಕಸಾಯಿಗೆ ಬಂದ ಮೇಲೆ ನಾನೇ ಬರೀ ಟೀಯವಳಾಗಿದ್ದೆ. ಮಗಳನ್ನು ಸ್ಕೂಲಿನಿಂದ ಕರೆತಂದು, ಅಡುಗೆಕಟ್ಟೆಗೆ ಒರಗಿ ನಿಂತೇ ಒಂದು ಕಪ್ ಕುಡಿದರೆ ಸಂಜೆ ಮುಗಿಯಿತು. ಇಲ್ಲಿ ಹೇಳದೆ ಕೇಳದೆ ಯಾರೂ ಯಾರ ಮನೆಗೂ ಬರುವುದಿಲ್ಲ. ಸುಳ್ಳೇಕೆ ಹೇಳಲಿ, ನನಗೆ ಅದು ಹಾಯಾಗಿಯೇ ಇತ್ತು.

ಕಳೆದ ವಸಂತದಲ್ಲಿ ಅತ್ತೆ ಮೂರು ತಿಂಗಳಿಗೆಂದು ಬಂದರು. ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ತಣ್ಣನೆಯ ಹಸಿರು ಟೀ ಬಾಟಲಿಯಿಂದ ಒಂದು ಗುಟುಕು ಕುಡಿದು, "ಟೀ ಪಾತ್ರೆ ತೊಳೆದ ನೀರು ಕಣೆ ಇದು" ಎಂದರು. ದಿನಾ ಸಂಜೆ ಏನಾದರೂ ಮಾಡಿಡುತ್ತಿದ್ದರು. ಮಗಳು "ಐ ಆಮ್ ಫುಲ್, ಅಜ್ಜಿ" ಎಂದು ಓಡುತ್ತಿದ್ದಳು. ಗಂಡ ಬರುವ ಹೊತ್ತಿಗೆ ಉಪ್ಪಿಟ್ಟು ಕಲ್ಲಾಗಿರುತ್ತಿತ್ತು.

ತಿಂಗಳು ತುಂಬುವ ಮೊದಲೇ ಒಂದು ದಿನ ಅತ್ತೆ, "ಟಿಕೆಟ್ ಬದಲಾಯ್ಸು, ಬೇಗ ಊರಿಗೆ ಹೋಗ್ತೀನಿ. ಈ ಊರಲ್ಲಿ ಸಾಯಂಕಾಲಾನೇ ಆಗಲ್ಲ" ಎಂದರು.

"ಯಾಕತ್ತೆ, ಇರಿ."

"ಬೇಡಮ್ಮ."

ಆಯಿತು ಎಂದು ಫೋನಿನಲ್ಲಿ ವಿಮಾನಗಳನ್ನು ಹುಡುಕತೊಡಗಿದೆ. ಒಳಗೊಳಗೇ ಸಿಟ್ಟೂ ಬಂದಿತ್ತು, ದುಃಖವೂ ಆಗಿತ್ತು. ಅತ್ತೆಯನ್ನು ಕಂಡರೆ ನನಗೆ ನಿಜಕ್ಕೂ ಇಷ್ಟ. ಅವರು ಬಂದ ಮೇಲೆ ಮನೆಯಲ್ಲಿ ಒಗ್ಗರಣೆಯ ಜೊತೆ ಮಾತಿನ ಸದ್ದೂ ಇತ್ತು.

ಕೊನೆಯ ಪ್ರಯತ್ನ ಎಂಬಂತೆ, ಕೆಳಗಿನ ಮನೆಯ ಜಪಾನಿ ಅಜ್ಜಿಯನ್ನು ಗುರುವಾರ ಟೀಗೆ ಕರೆದೆ. ಅಷ್ಟು ವರ್ಷ ನಮ್ಮಿಬ್ಬರ ಪರಿಚಯ ಲಿಫ್ಟಿನಲ್ಲಿ ತಲೆಬಾಗುವುದರಾಚೆ ಹೋಗಿರಲಿಲ್ಲ. ಅತ್ತೆಗೆ ಮೊದಲೇ ಪಾಠ ಹೇಳಿದೆ: "ನೋಡಿ, ಇವರಿಗೆಲ್ಲ ಬಲವಂತ ಮಾಡಬಾರ್ದು. ಬೇಡ ಅಂದ್ರೆ ಬೇಡ, ಅಷ್ಟೇ." ಈ ಊರನ್ನು ಅರೆದು ಕುಡಿದವಳಂತೆ ಹೇಳಿದ್ದೆ.

ಅಜ್ಜಿ ಸರಿಯಾದ ಹೊತ್ತಿಗೆ, ಪುಟ್ಟ ಸಿಹಿಡಬ್ಬಿ ಹಿಡಿದು ಬಂದರು. ಮೇಜಿನ ಮೇಲಿನದನ್ನೆಲ್ಲ ನೋಡಿ, ಇದು ರಾತ್ರಿಯ ಊಟವೇ ಎಂದು ಜಪಾನಿಯಲ್ಲಿ ಮೆಲ್ಲಗೆ ಕೇಳಿದರು. ಅಲ್ಲ, ಟೀ ಎಂದೆ. ಅವರು ಸುತ್ತ ಕಪ್ ಹುಡುಕಿದರು. ಈ ದೇಶದ ಅಳತೆಯಲ್ಲಿ ಒಂದು ಬದನೆಕಾಯಿ ಬಜ್ಜಿ, ಒಂದೇ ಚಮಚ ಉಪ್ಪಿಟ್ಟು ನಾನೇ ಬಡಿಸಿದೆ. ಅವರು ಒಂದು ಚೂರೂ ಬಿಡದೆ ತಿಂದರು, ತಟ್ಟೆ ಕನ್ನಡಿಯಾಯಿತು. ಇನ್ನೂ ಬೇಕೇ ಎಂದು ಕೇಳಿದೆ. ಅವರು ಸಾಕು ಎಂದು ಕೈಯಾಡಿಸಿದರು. ನಾನು ಟೀ ತಂದೆ. ಕುಡಿದಾಯಿತು. ಮೂವರೂ ಖಾಲಿ ತಟ್ಟೆ ನೋಡುತ್ತಾ ಕುಳಿತೆವು. ಅಜ್ಜಿ ತಮ್ಮ ಕೈಚೀಲ ಹುಡುಕಿಕೊಂಡರು.

ಅತ್ತೆಗೆ ತಡೆಯಲಾಗಲಿಲ್ಲ. ಬಜ್ಜಿಯ ಪಾತ್ರೆ ಹಿಡಿದು ಎದ್ದೇಬಿಟ್ಟರು. ಅಜ್ಜಿ ಗಾಬರಿಯಿಂದ ಎರಡೂ ಕೈಗಳಿಂದ ತಟ್ಟೆ ಮುಚ್ಚಿದರು. ಥೇಟ್ ನಮ್ಮ ಮದುವೆಮನೆಯ ಪಂಕ್ತಿಯ ಹೆಂಗಸರ ಹಾಗೆ!

"ಅತ್ತೆ, ಬೇಡ ಅಂತಿದಾರೆ!"

"ನೀನು ಸುಮ್ನಿರು. ಬೆರಳು ನೋಡು, ಹೇಗೆ ಬಿಡಿಸ್ಕೊಂಡಿದಾರೆ. ನಿಜವಾಗ್ಲೂ ಬೇಡ ಅನ್ನೋರು ಬೆರಳು ಕೂಡಿಸಿ ಮುಚ್ತಾರೆ."

ಹಾಗೆಂದವರೇ ಆ ಕೈಯನ್ನು ಮೆಲ್ಲಗೆ ಸರಿಸಿ ಎರಡು ಬಜ್ಜಿ ಇಟ್ಟರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನಿಸಿತು. ಅಜ್ಜಿ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಕ್ಕು, ತಿಂದರು. ಆಮೇಲೆ ಉಪ್ಪಿಟ್ಟು, ಅದರ ಮೇಲೆ ಕೇಸರಿಬಾತು. ಪ್ರತಿ ಸಲ ಕೈ ಅಡ್ಡ ಬಂತು, ಪ್ರತಿ ಸಲ ಅತ್ತೆ ಗೆದ್ದರು. ನಾನು ಮತ್ತೆ ಟೀಗೆ ನೀರಿಟ್ಟೆ.

ಎರಡನೇ ಕಪ್ ಹಿಡಿದು ಅಜ್ಜಿ ನನಗೆ ಹೇಳಿದರು: ತಾವು ಚಿಕ್ಕವರಿದ್ದಾಗ, ಕೊಟ್ಟ ಕೂಡಲೇ ತೆಗೆದುಕೊಳ್ಳಬಾರದು, ಎರಡು ಸಲ ಬೇಡ ಎನ್ನಬೇಕು ಎಂದು ಅಮ್ಮ ಕಲಿಸಿದ್ದರಂತೆ. ಈಗ ಎರಡನೇ ಸಲ ಕೇಳುವವರೇ ಇಲ್ಲವಂತೆ. ಅದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ ನನ್ನ ಮುಖ ನೋಡಲಿಲ್ಲ. ಅಜ್ಜಿಯ ತಟ್ಟೆಗೆ ಇನ್ನಷ್ಟು ಕೇಸರಿಬಾತು ಹಾಕಿದರು.

ಅಜ್ಜಿ ಹೋಗುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಬಾಗಿಲಲ್ಲಿ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು, ತಮ್ಮ ತಮ್ಮ ಭಾಷೆಯಲ್ಲೇ ಬಹಳ ಹೊತ್ತು ಏನೋ ಮಾತಾಡಿದರು. ಬಾಗಿಲು ಹಾಕಿ ಬಂದು ಅತ್ತೆ ಪಾತ್ರೆಗಳನ್ನು ಸಿಂಕಿಗೆ ಹಾಕತೊಡಗಿದರು. ನಾನು ಪಕ್ಕದಲ್ಲಿ ಹೋಗಿ ನಿಂತೆ.

"ಅತ್ತೆ, ಹೋಗ್ಬೇಡಿ. ಇರಿ."

"ಬೇಡ ಕಣೆ, ನಿಮಗೆಲ್ಲ ಸುಮ್ನೆ ತೊಂದರೆ."

ಮೊದಲ ಸಲ ನಾನು ಇಷ್ಟಕ್ಕೇ ಬಿಟ್ಟಿದ್ದೆ.

"ಟಿಕೆಟ್ ಮುಟ್ಟೋದೇ ಇಲ್ಲ ನಾನು. ನೀವು ಇರ್ಲೇಬೇಕು."

ಅತ್ತೆ ನಲ್ಲಿ ನಿಲ್ಲಿಸಿದರು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಇಷ್ಟು ಬಲವಂತ ಮಾಡಿದ್ರೆ ನಾನಾದ್ರೂ ಏನು ಮಾಡ್ಲಿ" ಎಂದರು. ಕಣ್ಣು ತುಂಬಿತ್ತು. ನನ್ನದೂ ತುಂಬಿತ್ತು.